ಇದರ ಜೊತೆ

ಜೂನ್ ೯

ಚಿಕ್ಕಮ್ಮನಿಗೆ ನಮಸ್ಕಾರ.

ನೀವು ಕಳಿಸಿದ ಲಕೋಟೆ ತಲುಪಿತು. ಕರವಸ್ತ್ರ ಎರಡೂ ಇವೆ. ಕಾಗದದ ಕೊನೆಯಲ್ಲಿ ಎಂದಿನಂತೆ ‘ಇದರ ಜೊತೆ: ಕರವಸ್ತ್ರ ೨’ ಎಂದು ಬರೆದಿದ್ದಿರಲ್ಲ, ಅದನ್ನು ನನ್ನ ರೂಮಿನವಳಿಗೆ ತೋರಿಸಿದೆ. ವಕೀಲರ ಆಫೀಸಿನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದವರು, ಮನೆಯ ಕಾಗದಕ್ಕೂ ಲಗತ್ತಿನ ಪಟ್ಟಿ ಹಾಕದಿದ್ದರೆ ಇವರಿಗೆ ನಿದ್ದೆ ಬರುವುದಿಲ್ಲ ಎಂದು ಹೇಳಿ ನಕ್ಕೆ. ಅವಳು ನಗಲಿಲ್ಲ. ಅವಳ ಅಮ್ಮ ಏನಾದರೂ ಕಳಿಸಿದರೆ ಸಿಕ್ಕಿತಾ ಸಿಕ್ಕಿತಾ ಎಂದು ಫೋನ್ ಮಾಡಿ ಪ್ರಾಣ ತಿನ್ನುತ್ತಾರಂತೆ, ಅದಕ್ಕಿಂತ ಇದೇ ವಾಸಿಯಂತೆ. ನಿಮಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಕಾಗದ ಬರೆಯುವುದು ಎಂದೆ. ನೀನು ಪುಣ್ಯವಂತೆ ಅಂದಳು.

ಈಗ ನನ್ನ ಗೋಳು ಕೇಳಿ. ಈ ಕೆಲಸ ನನಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತಿಲ್ಲ. ನೀರಿನ ಟ್ಯಾಂಕು, ಪೈಪು, ಚರಂಡಿಗಳ ಬಗ್ಗೆ ಎಂಜಿನಿಯರುಗಳು ಬರೆದ ವರದಿಗಳನ್ನು ಜೋಡಿಸಿ, ಪುಟಸಂಖ್ಯೆ ಹಾಕಿ, ತಲುಪಬೇಕಾದವರಿಗೆ ತಲುಪಿಸುವುದು ನನ್ನ ಪಾಲಿನದು. ವರದಿ ಸುಲಭ. ಕಷ್ಟವೆಲ್ಲ ವರದಿಯ ಬಾಲದ್ದು. ಮಣ್ಣಿನ ಪರೀಕ್ಷೆಯ ಕಾಗದವನ್ನು ಒಬ್ಬರು ಅನೆಕ್ಷರ್ ಅನ್ನುತ್ತಾರೆ, ಇನ್ನೊಬ್ಬರು ಅಪೆಂಡಿಕ್ಸ್ ಅನ್ನುತ್ತಾರೆ. ನಕ್ಷೆ ಬಂದರೆ ಎನ್‌ಕ್ಲೋಷರ್ ಅನ್ನುತ್ತಾರೆ. ತಡವಾಗಿ ಬಂದರೆ ಅಡೆಂಡಮ್ಮೋ ಸಪ್ಲಿಮೆಂಟೋ ಅನ್ನುತ್ತಾರೆ. ನಾನು ಎಲ್ಲದಕ್ಕೂ ‘ಆಯ್ತು ಸರ್’ ಅನ್ನುತ್ತೇನೆ.

ಮೊನ್ನೆ ಒಂದು ಎಡವಟ್ಟಾಯಿತು. ‘ಇದಕ್ಕೆ ಅಟ್ಯಾಚ್ ಮಾಡಿದ್ದೇನೆ’ ಎಂದು ಮೇಲ್ ಕಳಿಸಿದೆ, ಅದಕ್ಕೆ ಏನೂ ಅಟ್ಯಾಚ್ ಆಗಿರಲಿಲ್ಲ. ಕ್ಷಮಿಸಿ ಎಂದು ಎರಡನೆಯದು ಕಳಿಸಿದೆ, ಅದಕ್ಕೆ ಹಳೆಯ ವರದಿ ಅಂಟಿಕೊಂಡು ಹೋಯಿತು. ಮೂರನೆಯದರಲ್ಲಿ ವರದಿ ಸರಿಯಾಗಿತ್ತು, ಆದರೆ ಅದು ಹೋದದ್ದು ಬೇರೆ ಯಾರಿಗೋ. ನಮ್ಮ ಮೇಲಿನವರು ಒಬ್ಬ ಮೇಡಂ. ಎರಡು ಕನ್ನಡಕ ಇಟ್ಟುಕೊಂಡಿದ್ದಾರೆ, ಒಂದು ಓದಲು, ಇನ್ನೊಂದು ನನ್ನನ್ನು ನೋಡಲು. ಎರಡನೆಯದನ್ನು ಹಾಕಿಕೊಂಡು, ಆರು ತಿಂಗಳು ನೋಡುತ್ತೇವೆ, ಆಮೇಲೆ ಕಾಯಂ ಮಾಡುವ ಮಾತು ಎಂದು ನೆನಪಿಸಿದರು. ಈ ಪದಗಳನ್ನು ನೀವು ದಿನಾ ಟೈಪ್ ಮಾಡಿದವರು. ಒಂದಿಷ್ಟು ಬಿಡಿಸಿ ಹೇಳಿ.

ದೊಡ್ಡಪ್ಪ ಫೋನ್ ಮಾಡಿದ್ದರು. ಅಪ್ಪ ಹೋಗಿ ವರ್ಷವಾಗುತ್ತ ಬಂತು, ಮನೆಯ ವಿಷಯ ಯಾರೂ ಯೋಚಿಸುತ್ತಿಲ್ಲ, ಬಾಡಿಗೆಗಾದರೂ ಕೊಡಬಹುದು ಎಂದು ಏನೇನೋ ಹೇಳಿದರು. ನಾನು ಫೈಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ನೋಡೋಣ ಅಂದೆ. ಅದಿರಲಿ.

ನಿಮ್ಮ
ಗಡಿಬಿಡಿ


ಜೂನ್ ೧೭

ಗಡಿಬಿಡಿಗೆ ಆಶೀರ್ವಾದಗಳು.

ನಿನ್ನ ಅಪ್ಪ ಇಟ್ಟ ಈ ಹೆಸರು ನಿನ್ನ ಆಫೀಸಿನವರ ಕಿವಿಗೆ ಬೀಳದಿರಲಿ. ಬಿದ್ದರೆ ಆರು ತಿಂಗಳು ಕಾಯುವುದಿಲ್ಲ.

ಎನ್‌ಕ್ಲೋಷರ್ ಅಂದರೆ ಕಾಗದದ ಜೊತೆ ಅದೇ ಲಕೋಟೆಯಲ್ಲಿ ಹೋಗುವುದು. ನಿನ್ನ ಕರವಸ್ತ್ರದ ಹಾಗೆ. ಲಕೋಟೆ ಒಡೆದ ಮೇಲೆ ಕಾಗದದ ಪಾಡಿಗೆ ಕಾಗದ, ಅದರ ಪಾಡಿಗೆ ಅದು. ಅದಕ್ಕೇ ಕೆಳಗೆ ಬರೆಯುವುದು. ಬರೆಯದಿದ್ದರೆ ದಾರಿಯಲ್ಲಿ ಬಿದ್ದುಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ನೀನು ನಗುವ ವಿಷಯವಲ್ಲ ಅದು. ಅಟ್ಯಾಚ್‌ಮೆಂಟ್ ಅಂದರೆ ಪಿನ್ನು ಹೊಡೆದು ಸೇರಿಸಿದ್ದು. ನಿನ್ನ ಕಂಪ್ಯೂಟರಿನಲ್ಲಿ ಬೆರಳಿಗೆ ಚುಚ್ಚುವ ಪಿನ್ನು ಇಲ್ಲ, ಹಾಗಾಗಿ ನಿನಗೆ ಮರೆತುಹೋಗುತ್ತದೆ.

ಅಪೆಂಡಿಕ್ಸ್ ಯಾವುದು ಅನೆಕ್ಷರ್ ಯಾವುದು ಎಂದು ತಿಳಿಯದಿದ್ದರೆ ನಮ್ಮ ಮನೆಯನ್ನು ನೆನೆದುಕೋ. ಅಡಿಗೆಮನೆಯ ಅಟ್ಟವನ್ನು ಮನೆ ಕಟ್ಟಿದವನೇ ಕಟ್ಟಿದ. ಕೆಳಗೆ ಹಿಡಿಸದ್ದನ್ನೆಲ್ಲ ಅಲ್ಲಿ ಇಡುತ್ತೇವೆ, ಅಡಿಗೆಮನೆ ಇಲ್ಲದೆ ಅದಕ್ಕೆ ಅರ್ಥವಿಲ್ಲ. ಅದು ಅಪೆಂಡಿಕ್ಸ್. ಹಿಂದಿನ ಕೋಣೆ ಬೇರೆ. ನಾನು ಮದುವೆಯಾಗಿ ಬಂದ ವರ್ಷ, ನನ್ನ ಟೈಪಿಂಗಿನ ಸದ್ದು ನಿನ್ನ ಓದಿಗೆ ಅಡ್ಡಿಯಾಗಬಾರದೆಂದು ನಿನ್ನಪ್ಪ ಅದನ್ನು ಕಟ್ಟಿಸಿದರು. ಅದಕ್ಕೆ ಅದರದೇ ಬಾಗಿಲು, ಅದರದೇ ಬೀಗ. ಮನೆಯೊಳಗೆ ಕಾಲಿಡದೆ ಅಲ್ಲಿ ಒಬ್ಬರು ಬದುಕಬಹುದು. ಹೀಗೆ ತನ್ನಷ್ಟಕ್ಕೆ ಪೂರ್ತಿಯಾಗಿದ್ದು, ಬೇರೆ ಕಡೆಯಿಂದ ಬಂದು ಸೇರಿದ್ದು ಅನೆಕ್ಷರ್.

ಬಚ್ಚಲಿನಲ್ಲಿ ಟವೆಲ್ಲಿಗೆ ಕೊಕ್ಕೆ ಹಾಕುವುದನ್ನು ಮರೆತು, ಸುಣ್ಣ ಬಳಿದಾದ ಮೇಲೆ ನಿನ್ನಪ್ಪ ಮೊಳೆ ಹೊಡೆದರಲ್ಲ, ಅದು ಅಡೆಂಡಮ್. ಎಲ್ಲ ಮುಗಿದ ಮೇಲೆ ನೆನಪಾದದ್ದು. ಊಟದ ಮೇಜಿಗೆ ಹಲಗೆ ಸೇರಿಸಿದರಲ್ಲ, ಅದು ಸಪ್ಲಿಮೆಂಟು. ಇಬ್ಬರಿಗೆ ಸಾಕಾಗಿದ್ದ ಮೇಜು ಮೂವರಿಗೆ ಸಾಲದೆ ಹೋಯಿತು. ಇಷ್ಟೆಲ್ಲ ಹೇಳಿದರೂ ಇದನ್ನು ಕಲ್ಲಿನಲ್ಲಿ ಕೆತ್ತಿದ್ದು ಎಂದುಕೊಳ್ಳಬೇಡ. ನಮ್ಮ ವಕೀಲರೇ ಬೆಳಿಗ್ಗೆ ಒಂದು ಹೇಳಿ ಸಂಜೆ ಇನ್ನೊಂದು ಹೇಳುತ್ತಿದ್ದರು. ನಿಮ್ಮಲ್ಲಿ ಏನು ರೂಢಿಯೋ ಮೇಡಂ ಹತ್ತಿರ ಕೇಳು.

ಹಿಂದಿನ ಕೋಣೆಯ ಗೋಡೆ ಮನೆಯ ಗೋಡೆಗೆ ಸೇರುವ ಕಡೆ ಮತ್ತೆ ಬಿರುಕು ಬಿಟ್ಟಿದೆ. ಗಾರೆಯವನು ಬಂದು ನೋಡಿದ. ಹಳೆಯ ಗೋಡೆಯ ಇಟ್ಟಿಗೆ ಬಿಡಿಸಿ, ಹೊಸದನ್ನು ಅದರೊಳಕ್ಕೆ ಕಚ್ಚಿಸಿ ಕಟ್ಟಬೇಕಿತ್ತಂತೆ. ಸುಮ್ಮನೆ ಒರಗಿಸಿ ಕಟ್ಟಿದ್ದಾರೆ, ಎಷ್ಟು ಸಿಮೆಂಟು ಮೆತ್ತಿದರೂ ಬಿಡುತ್ತದೆ ಎಂದ.

ನಿನ್ನ ದೊಡ್ಡಪ್ಪನೂ ಬಂದಿದ್ದರು, ಟೇಪು ಹಿಡಿದ ಒಬ್ಬನನ್ನು ಕರೆದುಕೊಂಡು. ಮುಂದಿನ ಕೋಣೆ, ಅಡಿಗೆಮನೆ, ಹಿಂದಿನ ಕೋಣೆ ಎಲ್ಲ ಅಳೆದುಕೊಂಡರು. ನಾನು ಚಹಾ ಕೊಟ್ಟೆ, ಯಾಕೆಂದು ಕೇಳಲಿಲ್ಲ. ಮನೆ ನಿನ್ನ ತಾಯಿಯದು, ಈಗ ನಿನ್ನದು, ಅದರಲ್ಲಿ ನನಗೆ ಗೊಂದಲವಿಲ್ಲ. ನೀನೇನಾದರೂ ಬರೆದಿರಬಹುದೆಂದು ನಿನ್ನ ಕಾಗದವನ್ನು ಮತ್ತೆ ಓದಿದೆ. ಅದಿರಲಿ ಎಂದು ಬರೆದಿದ್ದೀಯ. ಸರಿ, ಅದಿರಲಿ.

ಚಿಕ್ಕಮ್ಮ

ಇದರ ಜೊತೆ: ನಿನ್ನ ನೀಲಿ ಕೋಟಿನ ಗುಂಡಿ ೪


ಜುಲೈ ೨

ಚಿಕ್ಕಮ್ಮನಿಗೆ ನಮಸ್ಕಾರ.

ಗುಂಡಿ ನಾಲ್ಕೂ ಸಿಕ್ಕವು. ಮೂರನ್ನು ಹೊಲಿದೆ. ನಾಲ್ಕನೆಯದು ಎಲ್ಲಿ ಹೋಯಿತೋ ಗೊತ್ತಿಲ್ಲ, ಬೈಯಬೇಡಿ.

ನಿಮ್ಮ ಅಟ್ಟ, ಕೊಕ್ಕೆ, ಹಲಗೆ ಎಲ್ಲ ಕೆಲಸಕ್ಕೆ ಬಂದವು. ಮಣ್ಣಿನ ಪರೀಕ್ಷೆ ಬೇರೆ ಪ್ರಯೋಗಾಲಯದವರು ಮಾಡಿಕೊಟ್ಟದ್ದು, ಹಾಗಾಗಿ ಹಿಂದಿನ ಕೋಣೆ. ನಮ್ಮವರೇ ಮಾಡಿದ ಲೆಕ್ಕಾಚಾರದ ಪಟ್ಟಿಗಳು ಅಟ್ಟ. ಮೇಡಂ ಓದುವ ಕನ್ನಡಕದಲ್ಲಿ ನೋಡಿ, ನನ್ನನ್ನು ನೋಡುವ ಕನ್ನಡಕ ಹಾಕಿಕೊಂಡು, ಯಾರು ಹೇಳಿಕೊಟ್ಟಿದ್ದು ಎಂದು ಕೇಳಿದರು. ಚಿಕ್ಕಮ್ಮ ಅಂದೆ. ಅಮ್ಮನ ತಂಗಿಯಾ ಎಂದರು. ಅಲ್ಲ, ಅಪ್ಪನ ಕಡೆಯವರು ಅಂದೆ. ಅಪ್ಪನ ತಮ್ಮನ ಹೆಂಡತಿಯಾ ಎಂದರು. ಅದೂ ಅಲ್ಲ ಅಂದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು, ಬಚಾವಾದೆ. ಸೀಟಿಗೆ ಬಂದು ಕೂತ ಮೇಲೆ, ಇಷ್ಟು ಸುಲಭದ ಪ್ರಶ್ನೆಗೆ ಯಾಕೆ ತಬ್ಬಿಬ್ಬಾದೆ ಎಂದು ತಿಳಿಯಲೇ ಇಲ್ಲ.

ಒಂದು ಕಗ್ಗಂಟು ಬಿಡಿಸಿದರೆ ಇನ್ನೊಂದು. ವರದಿ ದಪ್ಪವಾಯಿತು, ಬಾಲ ಕತ್ತರಿಸು ಎಂದಿದ್ದಾರೆ. ಯಾವುದನ್ನು ಕತ್ತರಿಸಬೇಕೆಂದು ಹೇಳುವುದಿಲ್ಲ, ನಿನ್ನ ವಿವೇಚನೆಗೆ ಬಿಟ್ಟಿದ್ದು ಅನ್ನುತ್ತಾರೆ. ನನ್ನ ವಿವೇಚನೆ ನಿಮಗೆ ಗೊತ್ತಿರುವುದೇ. ಯಾವುದನ್ನು ತೆಗೆದರೂ ನಡೆಯುತ್ತದೆ, ಯಾವುದನ್ನು ತೆಗೆದರೆ ನಡೆಯುವುದಿಲ್ಲ ಎಂದು ಹೇಗೆ ತಿಳಿಯುವುದು? ಅಟ್ಟ ತೆಗೆಯಲೋ, ಹಿಂದಿನ ಕೋಣೆ ತೆಗೆಯಲೋ? ಬೇಗ ಬರೆಯಿರಿ.

ಮನೆಯ ವಿಷಯವನ್ನೂ ಬರೆಯಬೇಕೆಂದು ಕೂತೆ. ಎರಡು ಸಲ ಬರೆದು ಹರಿದೆ. ದೊಡ್ಡಪ್ಪ ಮತ್ತೆ ಫೋನ್ ಮಾಡಿದ್ದರು, ಒಳ್ಳೆಯ ಬಾಡಿಗೆದಾರರು ಸಿಕ್ಕಿದ್ದಾರಂತೆ. ನಿಮ್ಮ ವಿಷಯ ಕೇಳಿದೆ. ಅವರಿಗೆ ಅವರ ತಮ್ಮನ ಮನೆ ಇದೆಯಲ್ಲ ಎಂದರು. ನನಗೆ ಬೇಕೋ ಬೇಡವೋ, ಯಾವ ಮಾತಿಗೆ ಏನು ಹೇಳಬೇಕೋ ಒಂದೂ ಹೊಳೆಯಲಿಲ್ಲ. ತಲೆ ಕೆಟ್ಟುಹೋಗಿದೆ. ಮುಂದಿನ ಕಾಗದದಲ್ಲಿ ಖಂಡಿತ ಬರೆಯುತ್ತೇನೆ.

ನಿಮ್ಮ
ಗಡಿಬಿಡಿ


ಜುಲೈ ೧೩

ಗಡಿಬಿಡಿಗೆ ಆಶೀರ್ವಾದಗಳು.

ನಿನ್ನ ಪ್ರಶ್ನೆಗೆ ಮೊದಲು ಉತ್ತರ. ಯಾವುದನ್ನು ತೆಗೆಯಬೇಕೆಂದು ತಿಳಿಯಲು ಬಾಲವನ್ನು ನೋಡಬೇಡ, ವರದಿಯನ್ನು ಮೊದಲ ಪುಟದಿಂದ ಓದು. ‘ಇದಕ್ಕೆ ಇಂಥ ಅನೆಕ್ಷರ್ ನೋಡಿ’ ಎಂದು ಒಳಗೆ ಎಲ್ಲಾದರೂ ಕರೆದಿದ್ದಾರೆಯೇ ಹುಡುಕು. ಒಂದೇ ಒಂದು ಕಡೆ ಕರೆದಿದ್ದರೂ ಅದನ್ನು ಮುಟ್ಟಬೇಡ. ಕರೆದ ಮೇಲೆ ಅದು ಅಲ್ಲಿ ಇರಬೇಕು. ಎಲ್ಲೂ ಯಾರೂ ಕರೆದಿಲ್ಲವಾದರೆ, ಅದು ಎಷ್ಟೇ ಚೆನ್ನಾಗಿದ್ದರೂ, ಎಷ್ಟು ವರ್ಷದಿಂದ ಅಲ್ಲೇ ಇದ್ದರೂ, ತೆಗೆದುಬಿಡು. ಓದುವವರಿಗೆ ಗೊತ್ತೂ ಆಗುವುದಿಲ್ಲ.

ನಿನ್ನ ದೊಡ್ಡಪ್ಪ ಬಂದು ಹೇಳಿದರು. ಹುಡುಗಿ ಒಪ್ಪಿದ್ದಾಳೆ, ಆಗಸ್ಟಿನಲ್ಲಿ ಬಾಡಿಗೆಯವರು ಬರುತ್ತಾರೆ ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ನಾಳೆ ನನ್ನ ತಮ್ಮನ ಮನೆಗೆ ಹೊರಡುತ್ತಿದ್ದೇನೆ. ವಿಳಾಸ ಲಕೋಟೆಯ ಹಿಂದೆ ಇದೆ. ಬಿರುಕಿಗೆ ಸಿಮೆಂಟು ಹಾಕಿಸಿದ್ದೇನೆ. ನಿನ್ನ ಅಪ್ಪನ ವಾಚ್ ರಿಪೇರಿಯ ಪೆಟ್ಟಿಗೆ ಅಟ್ಟದ ಬಲಗಡೆ ಇದೆ, ಬಾಡಿಗೆಯವರ ಕೈಗೆ ಸಿಗದ ಹಾಗೆ ಎತ್ತಿಡು. ಗ್ಯಾಸಿನ ನಲ್ಲಿ ಸ್ವಲ್ಪ ಬಿಗಿ, ಎಡಕ್ಕೆ ಒತ್ತಿ ತಿರುಗಿಸಬೇಕು.

ಊಟ ತಿಂಡಿ ಸರಿಯಾಗಿ ಮಾಡು. ಕಾಯಂ ಆದರೆ ಒಂದು ಸಾಲು ಬರೆ.

ಚಿಕ್ಕಮ್ಮ

ಇದರ ಜೊತೆ: ಬೀಗದ ಕೈ ೨. ಮುಂಬಾಗಿಲಿನದು ಒಂದು, ಹಿಂದಿನ ಕೋಣೆಯದು ಒಂದು


ಜುಲೈ ೧೯

ಚಿಕ್ಕಮ್ಮ,

ನಾನು ಎಲ್ಲಿ ಒಪ್ಪಿದೆ? ಯಾವಾಗ ಒಪ್ಪಿದೆ? ನೋಡೋಣ ಅಂದೆ, ಅಷ್ಟೇ. ಎರಡನೆಯ ಸಲವೂ ನೋಡೋಣ ಅಂತಲೇ ಅಂದದ್ದು. ನೋಡೋಣ ಅಂದರೆ ಹೂಂ ಎಂದು ದೊಡ್ಡಪ್ಪ ತಿಳಿದುಕೊಂಡರೆ ಅದು ನನ್ನ ತಪ್ಪೇ? ಆಮೇಲೆ ಯೋಚಿಸಿದರೆ ನನ್ನದೇ ಇರಬಹುದು ಅನ್ನಿಸುತ್ತದೆ. ಮತ್ತೆ ಯೋಚಿಸಿದರೆ ನಿಮ್ಮ ಮೇಲೂ ಸಿಟ್ಟು ಬರುತ್ತದೆ. ಅಷ್ಟು ದೂರ ಹೊರಡುವ ಮುಂಚೆ ನೀವಾದರೂ ಒಂದು ಮಾತು ಕೇಳಬಾರದಿತ್ತೇ? ಬಾಲ ಕತ್ತರಿಸುವುದು ಹೇಗೆಂದು ಅಷ್ಟುದ್ದ ಬರೆದಿದ್ದೀರಿ, ಹೋಗಲೋ ಬೇಡವೋ ಎಂದು ಒಂದು ಸಾಲು ಬರೆಯಲಾಗಲಿಲ್ಲವೇ?

ಮತ್ತೆ, ಬೀಗದ ಕೈ ಎರಡು ಎಂದು ಬರೆದಿದ್ದೀರಿ. ಒಂದೇ ಇದೆ. ಮುಂಬಾಗಿಲಿನದು. ಲಕೋಟೆಯನ್ನು ಕೊಡವಿದೆ, ಮಂಚದ ಕೆಳಗೆ ತೆವಳಿ ಹುಡುಕಿದೆ, ಹಾಸ್ಟೆಲಿನ ಕಾವಲಿನವರನ್ನೂ ಕೇಳಿದೆ. ಲಕೋಟೆ ಎಲ್ಲೂ ಹರಿದಿಲ್ಲ. ನಿಮ್ಮ ಪಟ್ಟಿ ತಪ್ಪಾದದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಹುಷಾರಾಗಿದ್ದೀರಾ?

ಏನು ಬರೆಯಬೇಕೋ ತೋಚುತ್ತಿಲ್ಲ. ಇದನ್ನು ಹರಿಯುವ ಮುಂಚೆ ಪೆಟ್ಟಿಗೆಗೆ ಹಾಕಿ ಬರುತ್ತೇನೆ.

ಗಡಿಬಿಡಿ


ಆಗಸ್ಟ್ ೧

ಗಡಿಬಿಡಿಗೆ ಆಶೀರ್ವಾದಗಳು.

ಹುಷಾರಾಗಿದ್ದೇನೆ. ಇವರು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹಾಲ್‌ನಲ್ಲಿ ಮಲಗುತ್ತೇನೆ, ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಹಾಸಿಗೆ ಸುತ್ತಿಡುತ್ತೇನೆ. ತಮ್ಮನ ಹೆಂಡತಿ ಯಾವ ಕೆಲಸವನ್ನೂ ಮಾಡಲು ಬಿಡುವುದಿಲ್ಲ. ಅತಿಥಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾಳೆ.

ಬೀಗದ ಕೈಯ ವಿಷಯ. ಎರಡನ್ನೂ ಮೇಜಿನ ಮೇಲಿಟ್ಟು, ಪಟ್ಟಿ ಬರೆದು, ಎರಡನ್ನೂ ಲಕೋಟೆಗೆ ಹಾಕಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ನಿನ್ನ ಕಾಗದ ಬಂದ ದಿನ ಕೈಚೀಲದ ಒಳಜೇಬಿಗೆ ಕೈ ಹಾಕಿದರೆ ಹಿಂದಿನ ಕೋಣೆಯದು ಅಲ್ಲೇ ಇತ್ತು. ಅದು ಅಲ್ಲಿಗೆ ಹೇಗೆ ಬಂತು, ನಾನೇ ತೆಗೆದಿಟ್ಟುಕೊಂಡೆನೋ, ಲಕೋಟೆಗೆ ಹಾಕಲೇ ಇಲ್ಲವೋ, ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ವಕೀಲರ ಆಫೀಸಿನಲ್ಲಿ ಎಷ್ಟು ಲಕೋಟೆ ಅಂಟಿಸಿದ್ದೇನೋ ಲೆಕ್ಕವಿಲ್ಲ, ಒಂದರಲ್ಲೂ ಹೀಗಾಗಿಲ್ಲ. ನಾಚಿಕೆಯಾಯಿತು. ಕಳಿಸಿಕೊಡಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಬೀಗದ ಕೈ ಇಲ್ಲದೆ ಬಾಡಿಗೆಯವರಿಗೂ ತೊಂದರೆ.

ನಾನು ಯಾಕೆ ಕೇಳಲಿಲ್ಲ ಎಂದು ಬೈದಿದ್ದೀಯ. ಕೇಳಿದ್ದರೆ ನೀನು ಇರಿ ಅನ್ನುತ್ತಿದ್ದೆ, ದಾಕ್ಷಿಣ್ಯಕ್ಕೆ. ಆ ಮಾತನ್ನು ನಂಬುವುದೋ ಬಿಡುವುದೋ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ನೀನಾಗಿ ಬರೆಯುತ್ತೀಯೇನೋ ಎಂದು ಕಾದೆ. ಅಂಚೆಯವನು ಬಂದಾಗಲೆಲ್ಲ ಬಾಗಿಲಿಗೆ ಹೋದೆ. ನೀನು ಅಪೆಂಡಿಕ್ಸ್ ಬಗ್ಗೆ ಕೇಳಿದೆ. ನನಗೆ ಬೇಜಾರಾಯಿತು, ಅದನ್ನು ಮುಚ್ಚಿಟ್ಟು ಏನಾಗಬೇಕು. ಒಪ್ಪಿಲ್ಲ ಎಂದು ಈಗ ಬರೆದಿದ್ದೀಯ. ಒಪ್ಪಿಲ್ಲ ಅನ್ನುವುದೂ ಬೇಡ ಅನ್ನುವುದೂ ಒಂದೇ ಅಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಷ್ಟು ದಿನ ಮಾತಾಡುತ್ತೀಯ?

ಬೈಯಲು ಕೂತವಳಲ್ಲ. ಕೋಟಿನ ನಾಲ್ಕನೆಯ ಗುಂಡಿ ಕೋಟಿನ ಜೇಬಿನಲ್ಲೇ ಇರುತ್ತದೆ, ನೋಡು.

ಚಿಕ್ಕಮ್ಮ

ಇದರ ಜೊತೆ: ಏನೂ ಇಲ್ಲ


ಆಗಸ್ಟ್ ೧೧

ಚಿಕ್ಕಮ್ಮ,

ಗುಂಡಿ ಕೋಟಿನ ಜೇಬಿನಲ್ಲೇ ಇತ್ತು.

ಈ ಕಾಗದವನ್ನು ನಿಮ್ಮ ತಮ್ಮನ ಮನೆಯ ಎದುರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಬಂದು ಮಾತಾಡಿದರೆ ಮತ್ತೆ ನೋಡೋಣ ಅಂದುಬಿಡುತ್ತೇನೆ ಎಂದು ಭಯ. ಬರೆದು ಮುಗಿಸಿ, ನಾನೇ ತಂದು ಕೈಗೆ ಕೊಟ್ಟು, ನೀವು ಓದುವವರೆಗೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ರಜೆಯ ಅರ್ಜಿಯಲ್ಲಿ ‘ಮನೆಯವರೊಬ್ಬರನ್ನು ಮನೆಗೆ ಕರೆತರಲು’ ಎಂದು ಕಾರಣ ಬರೆದಿದ್ದೆ. ಮನೆಯವರು ಮನೆಯಲ್ಲೇ ಇರ್ತಾರಲ್ವಾ ಎಂದು ಮೇಡಂ ಕೇಳಿದರು. ಅಲ್ಲೇ ಮೇಡಂ ಎಡವಟ್ಟಾಗಿರೋದು ಅಂದೆ. ನೋಡುವ ಕನ್ನಡಕ ತೆಗೆದು ಸಹಿ ಹಾಕಿದರು. ಇನ್ನೂ ಕಾಯಂ ಮಾಡಿಲ್ಲ, ಮತ್ತೆರಡು ತಿಂಗಳು ನೋಡುತ್ತಾರಂತೆ.

ಮೊನ್ನೆ ಮನೆಗೆ ಹೋಗಿದ್ದೆ. ಮುಂಬಾಗಿಲು ತೆಗೆದು ಒಳಗೆ ನಿಂತೆ. ಹಿಂದಿನ ಕೋಣೆಗೆ ಬೀಗ, ಕೈ ನಿಮ್ಮ ಹತ್ತಿರ. ಮಾಡಲು ಏನೂ ತೋಚದೆ, ನೀವು ವರದಿ ಓದಲು ಹೇಳಿದ ಹಾಗೆ ಮನೆಯನ್ನು ಮೊದಲಿನಿಂದ ಓದಿದೆ. ಮೀಟರಿನ ಪೆಟ್ಟಿಗೆಯ ಮೇಲೆ ನಿಮ್ಮ ಅಕ್ಷರದಲ್ಲಿ ‘ಒದ್ದೆ ಕೈ ಬೇಡ’ ಎಂದಿದೆ. ಕಿಟಕಿಯ ಚಿಲಕಕ್ಕೆ ನೀವು ಕಟ್ಟಿದ ದಾರ. ಅಡಿಗೆಮನೆಯ ಡಬ್ಬಿಗಳ ಮೇಲೆಲ್ಲ ನೀವು ಅಂಟಿಸಿದ ಚೀಟಿ, ಉಪ್ಪಿನ ಡಬ್ಬಿಯ ಮೇಲೆ ‘ಇದು ಸಕ್ಕರೆ ಅಲ್ಲ, ಗಡಿಬಿಡಿ’. ಅಟ್ಟ ಹತ್ತಿ ಅಪ್ಪನ ಪೆಟ್ಟಿಗೆ ತೆಗೆದರೆ ಅದರ ಮುಚ್ಚಳದ ಒಳಗೂ ನಿಮ್ಮ ಪಟ್ಟಿ. ಚಹಾ ಮಾಡಿಕೊಂಡು ಮೇಜಿನ ಮುಂದೆ ಕೂತೆ. ಗೊತ್ತಿಲ್ಲದೆ ಮಡಚಿದ್ದ ಹಲಗೆಯನ್ನೂ ಬಿಚ್ಚಿದ್ದೆ. ಆ ಮನೆಯಲ್ಲಿ ನಿಮ್ಮನ್ನು ಕರೆಯದ ಪುಟ ಒಂದೂ ಇಲ್ಲ. ಅಲ್ಲೇ ಕೂತು ಜೋರಾಗಿ ಅತ್ತೆ.

ಅಲ್ಲಿಂದಲೇ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಬೇಡ ಅಂದೆ. ಏನು ಬೇಡ ಎಂದರು.

“ಬಾಡಿಗೆಗೆ ಕೊಡೋದು ಬೇಡ ದೊಡ್ಡಪ್ಪ. ಅಲ್ಲಿ ಚಿಕ್ಕಮ್ಮ ಇರ್ತಾರೆ.”

ಮೊದಲೇ ಹೇಳೋಕೇನಾಗಿತ್ತು ಎಂದು ಅರ್ಧ ಗಂಟೆ ಬೈದರು. ಆಮೇಲೆ ಗಾರೆಯವನ ಮನೆ ಹುಡುಕಿಕೊಂಡು ಹೋದೆ. ಗೋಡೆ ಬಿಡಿಸಿ, ಕಚ್ಚಿಸಿ ಕಟ್ಟಿಕೊಡು ಎಂದು ಹೇಳಿ ಬಂದಿದ್ದೇನೆ. ಕೋಣೆಯೊಳಗಿನ ಸಾಮಾನು ಸರಿಸಬೇಕು, ಬೀಗ ತೆಗೆಯುವವರು ಯಾರು ಎಂದು ಕೇಳಿದ. ಬರ್ತಾರೆ ಅಂದೆ.

ನೀವು ನನಗೆ ಏನಾಗಬೇಕು ಎಂದು ಮೇಡಂ ಮತ್ತೆ ಕೇಳಿದರೆ ಏನು ಹೇಳುವುದೋ ನನಗೆ ಇನ್ನೂ ಗೊತ್ತಿಲ್ಲ. ನೀವು ಕಲಿಸಿದ ಅಷ್ಟೂ ಪದಗಳನ್ನು ತಿರುವಿ ಹಾಕಿದೆ, ಒಂದೂ ಸರಿಹೋಗಲಿಲ್ಲ. ದಾಕ್ಷಿಣ್ಯಕ್ಕೆ ಬರೆಯುತ್ತಿಲ್ಲ, ಅದೊಂದು ಮಾತ್ರ ಖಂಡಿತ. ನೀನಿಲ್ಲದೆ ಆ ಮನೆಯಲ್ಲಿ ನನಗೆ ಒಂದು ಲೋಟವೂ ಕೈಗೆ ಸಿಗಲಿಲ್ಲ. ಆ ಬೀಗದ ಕೈ ಕಳಿಸಬೇಡ, ಚಿಕ್ಕಮ್ಮ. ನೀನೇ ತಗೊಂಡು ಬಾ.

ಸಂಜೆಯ ಬಸ್ಸಿಗೆ ಎರಡು ಸೀಟು ಹೇಳಿದ್ದೇನೆ. ಈಗ ರಸ್ತೆ ದಾಟುತ್ತೇನೆ.

ಗಡಿಬಿಡಿ

ಇದರ ಜೊತೆ: ಮುಂಬಾಗಿಲಿನ ಬೀಗದ ಕೈ ೧
ನಾನು ೧